ಸಾಲ್ಟ್‌ಬಿಯಲ್ಲಿ ರಸೆಲ್‌ನ ದಿನ

ಕಡಲತೀರದ ಊರಾದ ಸಾಲ್ಟ್‌ಬಿಗೆ ಹೋಗುವ ದಿನ ರಸೆಲ್‌ನನ್ನು ಯಾರೂ ಎಬ್ಬಿಸಬೇಕಾಗಿರಲಿಲ್ಲ. ವರ್ಷದ ಉಳಿದ ದಿನಗಳಲ್ಲಿ ಕೂಗಿ ಕೂಗಿ, ಹೊದಿಕೆ ಎಳೆದು, ಟೀ ಆರಿಹೋಗುತ್ತದೆಂದು ಹೆದರಿಸಿದ ಮೇಲೆ ಏಳುವವನು ಅವತ್ತು ಬೆಳಕು ಹರಿಯುವ ಮುಂಚೆಯೇ ಎದ್ದು, ಕೋಟು ತೊಟ್ಟು, ಒಂದು ಗುಂಡಿಯನ್ನು ಇನ್ನೊಂದರ ಕಾಜಕ್ಕೆ ಸಿಕ್ಕಿಸಿಕೊಂಡು ತಾಯಿಯ ಮಂಚದ ಪಕ್ಕ ನಿಂತಿದ್ದ.

"ಅಮ್ಮ, ಮಳೆ ಇಲ್ಲ. ನೋಡ್ದೆ."

ಜಾನಿಸ್ ಕಣ್ಣು ಬಿಡದೆಯೇ ಕೇಳಿದಳು, "ಇನ್ನೂ ಬೆಳಕೇ ಆಗಿಲ್ವಲ್ಲೋ ರಸ್. ಮಳೆ ಇಲ್ಲ ಅಂತ ಹೆಂಗ್ ಗೊತ್ತಾಯ್ತು?"

"ಕೈ ಹೊರಗೆ ಹಾಕ್ದೆ."

ಅವಳು ನಿಧಾನವಾಗಿ ಒಂದು ಮಗ್ಗುಲಿಗೆ ಹೊರಳಿ, ಮಂಚದ ಅಂಚು ಹಿಡಿದು ಎದ್ದು ಕೂತಳು. ಸೊಂಟ ಎಂದಿನಂತೆ ಮೊದಲ ಹೆಜ್ಜೆಗೆ ಒಲ್ಲೆ ಎಂದಿತು, ಎರಡನೆಯದಕ್ಕೆ ಬೇಸರದಿಂದ ಒಪ್ಪಿಕೊಂಡಿತು.

ರಸೆಲ್‌ಗೆ ಅವತ್ತು ಮೂವತ್ತಾರು ತುಂಬುತ್ತಿತ್ತು. ಎತ್ತರದ ಆಳು, ಅಗಲ ಭುಜ, ನಡುನೆತ್ತಿಯಲ್ಲಿ ಕೂದಲು ಉದುರತೊಡಗಿತ್ತು. ಬುದ್ಧಿ ಮಾತ್ರ ಏಳೆಂಟು ವರ್ಷದ ಹುಡುಗನದು ಎಂದು ಡಾಕ್ಟರು ಬಹಳ ಹಿಂದೆಯೇ ಹೇಳಿದ್ದರು. ಜಾನಿಸ್ ಅದನ್ನು ಪೂರ್ತಿ ಒಪ್ಪುತ್ತಿರಲಿಲ್ಲ. ಯಾವ ಏಳು ವರ್ಷದ ಹುಡುಗ ತಾಯಿಗೆ ಟೀ ಮಾಡಿಕೊಡುತ್ತಾನೆ, ಕಪ್ಪು ಕಸದ ಡಬ್ಬಿ ಯಾವ ವಾರ, ಹಸಿರು ಯಾವ ವಾರ ಎಂದು ತಪ್ಪದೆ ರಸ್ತೆಗೆ ಇಡುತ್ತಾನೆ? ಆದರೆ ಗಡ್ಡ ಮಾಡುವುದು, ಸ್ನಾನದ ನೀರು ಹದಗೊಳಿಸುವುದು, ಬೂಟಿನ ದಾರ ಕಟ್ಟುವುದು, ಫಿಟ್ಸ್ ಬಾರದಂತೆ ಹೊತ್ತುಹೊತ್ತಿಗೆ ಮಾತ್ರೆ ಕೊಡುವುದು, ಎಲ್ಲ ಅವಳ ಪಾಲಿಗೇ. ಅವಳಿಗೀಗ ಅರವತ್ತೇಳು.

ಮಾರ್ಚ್ ತಿಂಗಳಲ್ಲಿ ಅವಳು ಮೆಟ್ಟಿಲ ಮೇಲಿಂದ ಜಾರಿ ಬಿದ್ದಿದ್ದಳು. ಬಟ್ಟೆಯ ಬುಟ್ಟಿ ಹಿಡಿದು ಇಳಿಯುತ್ತಿದ್ದವಳ ಕಾಲಿಗೆ ಮೆಟ್ಟಿಲು ಸಿಗಲಿಲ್ಲ, ಅಷ್ಟೇ. ಎಚ್ಚರವಾದಾಗ ನೆಲದ ಮೇಲಿದ್ದಳು. ಮೈಮೇಲೆ ಕಂಬಳಿ, ತಲೆಯ ಕೆಳಗೆ ದಿಂಬು, ಕೈಗೆ ಎಟಕುವಂತೆ ಒಂದು ಕಪ್ ಟೀ, ಆರಿ ಕೆನೆ ಕಟ್ಟಿದ್ದು. ರಸೆಲ್ ಪಕ್ಕದಲ್ಲೇ ಕಾಲು ಚಾಚಿ ಕೂತು ಟಿವಿ ನೋಡುತ್ತಿದ್ದ, ಅಮ್ಮನಿಗೆ ಎಚ್ಚರವಾಗಬಾರದೆಂದು ಸದ್ದು ತಗ್ಗಿಸಿ. ಪಕ್ಕದ ಮನೆಯ ಎಡ್ನಾ ಬಂದು ಬಾಗಿಲು ಬಡಿದಿದ್ದಳಂತೆ. ಇವನು ತೆಗೆದಿರಲಿಲ್ಲ. "ಯಾರ್ ಬಂದ್ರೂ ತೆಗೀಬೇಡ ಅಂತ ನೀನೇ ಹೇಳಿದ್ದೆ" ಎಂದ. ಹೌದು, ಅವಳೇ ಹೇಳಿದ್ದಳು. ಅವನಿಗೆ ಮಾತು ತಿಳಿಯುವ ಕಾಲದಿಂದ ಹೇಳುತ್ತಲೇ ಬಂದಿದ್ದಳು.

ಮೂಳೆ ಮುರಿದಿರಲಿಲ್ಲ, ಪುಣ್ಯಕ್ಕೆ. ಆದರೆ ಆಮೇಲೆ ಅವಳಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ತಾನು ಸತ್ತುಹೋದರೂ ಇವನು ಹೀಗೆಯೇ ಕಂಬಳಿ ಹೊದಿಸಿ, ಟೀ ಇಟ್ಟು, ಪಕ್ಕದಲ್ಲಿ ಕೂತಿರುತ್ತಾನೆ ಎಂಬುದು ಕಣ್ಣು ಮುಚ್ಚಿದ ಕೂಡಲೇ ಎದುರಿಗೆ ಬರುತ್ತಿತ್ತು.

ಬೇಸಿಗೆ ಕಳೆಯುವ ಹೊತ್ತಿಗೆ ಅವಳು ಒಬ್ಬಳೇ ಹೋಗಿ ಒಂದು ಮನೆ ನೋಡಿಬಂದಳು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ರಸೆಲ್‌ನಂಥ ನಾಲ್ವರು ಅಲ್ಲಿದ್ದರು, ನೋಡಿಕೊಳ್ಳುವವರು ಹಗಲೂ ರಾತ್ರಿ ಪಾಳಿಯ ಮೇಲೆ ಇರುತ್ತಿದ್ದರು. ಒಂದು ಕೋಣೆ ಖಾಲಿಯಿತ್ತು. ಅಕ್ಟೋಬರಿಗೆ ಕರೆತನ್ನಿ ಎಂದರು. ಹೂಂ ಅಂದು ಬಂದವಳು ಯಾರಿಗೂ ಬಾಯಿ ಬಿಟ್ಟಿರಲಿಲ್ಲ, ಮಗನಿಗೂ ಇಲ್ಲ, ಮಗನ ಅಪ್ಪನಿಗೂ ಇಲ್ಲ. ಸಾಲ್ಟ್‌ಬಿಯಲ್ಲಿ ಹೇಳಿದರಾಯಿತು ಎಂದುಕೊಂಡಿದ್ದಳು. ಅಲ್ಲಿ ಅವನು ಖುಷಿಯಲ್ಲಿರುತ್ತಾನೆ, ಅಪ್ಪನೂ ಜೊತೆಗಿರುತ್ತಾನೆ.

ಡೆರಿಕ್ ಸಾಲ್ಟ್‌ಬಿ ಸ್ಟೇಷನ್ನಿನ ಹೊರಗೆ ಕಾಯುತ್ತಿದ್ದ. ಅವಳ ಮಾಜಿ ಗಂಡ. ಕೆಲಸದಲ್ಲಿದ್ದಾಗ ಬಸ್ ಓಡಿಸುತ್ತಿದ್ದ. ರಸೆಲ್‌ಗೆ ಇಪ್ಪತ್ತಾಗಿದ್ದಾಗ ಮನೆ ಬಿಟ್ಟು ಹೋಗಿ, ಲೀಡ್ಸ್‌ನಲ್ಲಿ ಪಾಲೀನ್ ಎಂಬಾಕೆಯನ್ನು ಮದುವೆಯಾಗಿ ನೆಲೆ ನಿಂತಿದ್ದ. ಈ ಒಂದು ದಿನಕ್ಕೆ ಮಾತ್ರ ವರ್ಷವೂ ತಪ್ಪದೆ ಬರುತ್ತಿದ್ದ. ಈ ಸಲ ಕೈಯಲ್ಲಿ ಊರುಗೋಲಿತ್ತು. ಕಂಕುಳಲ್ಲಿ ಬಣ್ಣದ ಕಾಗದ ಸುತ್ತಿದ ಪೊಟ್ಟಣ.

"ಏನಪ್ಪಾ ದೊಡ್ಡ ಮನುಷ್ಯ, ಇವತ್ತು ಯಾರದೋ ಹುಟ್ಟಿದಬ್ಬ ಅಂತಲ್ಲ?"

"ನಂದು."

"ನಿಂದಾ? ನಾನು ನಂದು ಅಂದ್ಕೊಂಡು ಸ್ನಾನ ಬೇರೆ ಮಾಡ್ಕೊಂಡು ಬಂದ್ನಲ್ಲೋ."

ಪ್ರತಿ ವರ್ಷ ಇದೇ ತಮಾಷೆ. ಪ್ರತಿ ವರ್ಷ ರಸೆಲ್ ಬಗ್ಗಿ ಮಂಡಿ ಹಿಡಿದುಕೊಂಡು ನಗುತ್ತಿದ್ದ. ಪೊಟ್ಟಣದಲ್ಲಿ ಇರುತ್ತಿದ್ದುದೂ ಪ್ರತಿ ವರ್ಷ ಒಂದು ಸ್ವೆಟರು, ಅದೂ ಒಂದು ಅಳತೆ ಚಿಕ್ಕದು. ಡೆರಿಕ್‌ನ ಕಣ್ಣಲ್ಲಿ ಮಗ ಬೆಳೆಯುವುದು ಯಾವತ್ತೋ ನಿಂತುಹೋಗಿತ್ತು.

"ಕೋಲು ಯಾಕೆ?" ಎಂದು ಜಾನಿಸ್ ಕೇಳಿದಳು.

"ಮಂಡಿ. ನಿನ್ನ ಸೊಂಟ ಹೆಂಗಿದೆ?"

"ಇದೆ."

ಅಲ್ಲಿಗೆ ಗಂಡ ಹೆಂಡತಿಯ ಕುಶಲ ಮುಗಿಯಿತು.

ಸಾಲ್ಟ್‌ಬಿಯಲ್ಲಿ ಮಾಡುವುದೆಲ್ಲ ರಸೆಲ್‌ನ ತಲೆಯಲ್ಲಿ ಒಂದರ ಹಿಂದೆ ಒಂದು ಕೂತಿತ್ತು. ಮೊದಲು ಬಂಡೆಯ ಮೇಲಿಂದ ತೀರಕ್ಕೆ ಇಳಿಸುವ ಹಳೆಯ ಹಳಿಗಾಡಿ. ಆಮೇಲೆ ಸಮುದ್ರದೊಳಕ್ಕೆ ಚಾಚಿದ ಮರದ ಸೇತುವೆಯ ಕೊನೆಯವರೆಗೆ ನಡಿಗೆ. ಆಮೇಲೆ ಬೆಂಚಿನ ಮೇಲೆ ಕೂತು ಮೀನು-ಚಿಪ್ಸ್. ಆಮೇಲೆ ಪುಟ್ಟ ಗಾಲ್ಫ್, ಆಮೇಲೆ ಬೋಟು, ಆಮೇಲೆ ಟೀ. ಇದರಲ್ಲಿ ಒಂದು ಹಿಂದೆ ಮುಂದೆ ಆಗುವ ಹಾಗಿಲ್ಲ. ಒಂದು ವರ್ಷ ಮಳೆಯೆಂದು ಟೀ ಮೊದಲು ಕುಡಿಯೋಣ ಎಂದದ್ದಕ್ಕೆ ಅಂಗಡಿಯ ಬಾಗಿಲಲ್ಲೇ ಕೂತುಬಿಟ್ಟಿದ್ದ, ಬಂದುಹೋಗುವವರು ಅವನನ್ನು ದಾಟಿಕೊಂಡು ಹೋಗಬೇಕಾಗಿತ್ತು.

ಹಳಿಗಾಡಿಯ ಪೆಟ್ಟಿಗೆಯಲ್ಲಿ ಹಾಕಿಯಾಡುವ ಹುಡುಗಿಯರ ಗುಂಪೊಂದು ತುಂಬಿತ್ತು. ರಸೆಲ್ ಗಾಜಿಗೆ ಮೂಗು ಒತ್ತಿ ನಿಂತ. ಕೆಳಗಿಳಿಯುತ್ತಿದ್ದಂತೆ ಬೂದುಬಣ್ಣದ ಸಮುದ್ರ ಮೇಲಕ್ಕೆ ಬಂದಂತೆ ಕಂಡಿತು. "ಬಂತು, ಬಂತು" ಎಂದ. ಹುಡುಗಿಯೊಬ್ಬಳು ನಕ್ಕಳು, ಕೆಟ್ಟ ನಗುವಲ್ಲ. ಹೊಸಬರ ನಗು ಎಂಥದೆಂದು ಅಳೆಯುವುದು ಜಾನಿಸ್‌ಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಅಳೆದು ಮುಗಿದ ಮೇಲಷ್ಟೇ ತಾನು ಅಳೆದೆನೆಂದು ಅವಳಿಗೆ ಗೊತ್ತಾಗುತ್ತಿತ್ತು.

ಸೇತುವೆಯ ಮೇಲೆ ಗಾಳಿ ಜೋರಿತ್ತು. ಮೊದಲ ಬೆಂಚಿಗೇ ಜಾನಿಸ್ ಕೂತಳು.

"ನೀವಿಬ್ರೂ ಹೋಗ್ಬನ್ನಿ. ನಾನಿಲ್ಲೇ ಇರ್ತೀನಿ."

ರಸೆಲ್ ನಿಂತುಬಿಟ್ಟ. "ನೀನೂ ಬರ್ಬೇಕು. ಯಾವಾಗ್ಲೂ ಬರ್ತೀಯ."

"ಕಾಲು ಬರ್ತಿಲ್ಲ ಕಣೋ."

ಅವನು ಅವಳ ಕಾಲುಗಳನ್ನು ದಿಟ್ಟಿಸಿ ನೋಡಿದ. ಎರಡೂ ಇದ್ದವು. ಅವನ ಮುಖ ಬಿಗಿಯತೊಡಗಿದ್ದನ್ನು ಕಂಡು ಡೆರಿಕ್ ತೋಳು ಹಿಡಿದ. "ಬಾರೋ, ಅಮ್ಮ ಇಲ್ಲಿ ಕೂತು ಸೇತುವೆ ಕಾಯ್ತಾಳೆ. ಇಲ್ದಿದ್ರೆ ಯಾರಾದ್ರೂ ಎತ್ಕೊಂಡ್ ಹೋದ್ರೆ ನಾವು ವಾಪಸ್ ಹೆಂಗ್ ಬರೋದು?" ರಸೆಲ್ ಅದನ್ನು ಯೋಚಿಸಿ, ಒಪ್ಪಿ ನಡೆದ.

ಅವರಿಬ್ಬರು ಚಿಕ್ಕವರಾಗುತ್ತ ಹೋಗುವುದನ್ನು ಜಾನಿಸ್ ನೋಡುತ್ತ ಕೂತಳು. ಒಬ್ಬ ಕುಂಟುತ್ತ, ಒಬ್ಬ ಜಿಗಿಯುತ್ತ. ಇದು ಅವಳಿಗೆ ಸಿಕ್ಕ ಬಿಡುವು. ಆ ಬಿಡುವಿನಲ್ಲಿ ಏನಾದರೂ ಅನ್ನಿಸಬೇಕಿತ್ತು, ಸಂತೋಷವೋ ದುಃಖವೋ. ಏನೂ ಅನ್ನಿಸಲಿಲ್ಲ. ಕಾಲು ನೋಯುತ್ತಿತ್ತು, ಮೂಗು ತಣ್ಣಗಾಗಿತ್ತು. ಸೇತುವೆಯ ಕೊನೆಯಲ್ಲಿ ರಸೆಲ್ ಕಂಬಿ ಹಿಡಿದು ಸಮುದ್ರಕ್ಕೆ ಕೈ ಬೀಸುವುದು ಕಂಡಿತು. ಆಚೆ ದಡ ಹಾಲೆಂಡು, ಅಲ್ಲಿಯವರು ನಿನ್ನನ್ನು ನೋಡುತ್ತಿರುತ್ತಾರೆ ಎಂದು ಡೆರಿಕ್ ಅವನ ಚಿಕ್ಕಂದಿನಲ್ಲಿ ಹೇಳಿದ್ದ. ನೋಡುವವರಿಗೆ ಬೇಜಾರಾಗಬಾರದೆಂದು ಅವನು ಇಂದಿಗೂ ಬೀಸುತ್ತಿದ್ದ.

ಮೀನು-ಚಿಪ್ಸ್ ತಿನ್ನುವಾಗ ಕಡಲಹಕ್ಕಿಯೊಂದು ಎರಗಿ ಡೆರಿಕ್‌ನ ಕೈಯಿಂದಲೇ ಮೀನಿನ ದೊಡ್ಡ ತುಂಡನ್ನು ಕಚ್ಚಿಕೊಂಡು ಹೋಯಿತು. ರಸೆಲ್‌ಗೆ ನಕ್ಕು ನಕ್ಕು ಕೆಮ್ಮು ಬಂತು. ಜಾನಿಸ್ ಅವನ ಬೆನ್ನು ತಟ್ಟಿ, ತುಟಿಗೆ ಮೆತ್ತಿದ ಹಿಸುಕಿದ ಬಟಾಣಿ ಒರೆಸಿ, ತನ್ನ ಪಾಲನ್ನು ಡೆರಿಕ್‌ನ ಕಡೆ ತಳ್ಳಿದಳು.

"ನೀನೇನೂ ತಿಂದಿಲ್ಲ" ಎಂದ ಡೆರಿಕ್.

"ಹಸಿವಿಲ್ಲ."

"ಏನೋ ಇದೆ ನಿನ್ ಹೊಟ್ಟೇಲಿ. ಬೆಳಿಗ್ಗೆಯಿಂದ ನೋಡ್ತಿದೀನಿ."

"ಗಾಲ್ಫ್ ಹತ್ರ ಹೇಳ್ತೀನಿ" ಎಂದಳು.

ಗಾಲ್ಫಿನ ಹುಲ್ಲುಹಾಸು ಬಂದರಿಗೆ ಹತ್ತಿರದಲ್ಲಿತ್ತು. ಗಾಳಿಯಂತ್ರ, ದೀಪದ ಗೋಪುರ, ಬಾಯಿ ತೆರೆದ ತಿಮಿಂಗಿಲ, ಎಲ್ಲ ಸಿಮೆಂಟಿನವು, ಬಣ್ಣ ಸುಲಿದು ನಿಂತಿದ್ದವು. ರಸೆಲ್ ಒಬ್ಬನೇ ಆಡುತ್ತಿದ್ದ. ಚೆಂಡು ಗುಳಿಗೆ ಬೀಳದಿದ್ದರೆ ಕೈಯಿಂದ ಎತ್ತಿ ಹಾಕಿ, ತಾನೇ ಚಪ್ಪಾಳೆ ತಟ್ಟಿಕೊಂಡು ಮುಂದಿನದಕ್ಕೆ ಹೋಗುತ್ತಿದ್ದ. ಅವರಿಬ್ಬರು ಮೋಟುಗೋಡೆಯ ಮೇಲೆ ಕೂತರು.

"ಅವನಿಗೆ ಒಂದು ಜಾಗ ನೋಡಿದೀನಿ" ಎಂದಳು ಜಾನಿಸ್.

"ಯಾವ ಜಾಗ?"

"ಇರೋಕೆ. ಅವನಂಥೋರು ನಾಲ್ಕು ಜನ ಇರೋ ಮನೆ. ಮುಂದಿನ ತಿಂಗಳು ಹೋಗ್ತಾನೆ."

ಡೆರಿಕ್ ಕೋಲಿನ ತುದಿಯಿಂದ ಹುಲ್ಲು ಕೆದಕಿದ. "ಅಂದ್ರೆ ಹಾಸ್ಟೆಲ್‌ಗೆ ಹಾಕ್ತೀಯಾ ನನ್ ಮಗನ್ನ?" ಎಂದ.

"ಹಾಸ್ಟೆಲ್ ಅಲ್ಲ. ಅವನದೇ ಕೋಣೆ ಇರುತ್ತೆ, ನೋಡ್ಕೊಳ್ಳೋರಿರ್ತಾರೆ."

"ಹೆಸರು ಏನ್ ಬೇಕಾದ್ರೂ ಇಡು. ಹಾಕೋದು ಹಾಕೋದೇ. ನನ್ನನ್ನ ಒಂದ್ ಮಾತು ಕೇಳ್ಬೇಕಿತ್ತು."

"ಕೇಳಿದ್ರೆ ಏನ್ ಮಾಡ್ತಿದ್ದೆ?"

"ಏನೋ ಮಾಡ್ತಿದ್ದೆ. ನಾನು ಅವನಪ್ಪ."

"ವರ್ಷಕ್ಕೊಂದಿನ."

ಮಾತು ಅಲ್ಲಿಗೆ ನಿಲ್ಲಬಹುದಿತ್ತು. ಜಾನಿಸ್‌ಗೆ ಜಗಳಕ್ಕೂ ಶಕ್ತಿ ಇರಲಿಲ್ಲ. ಆದರೆ ಡೆರಿಕ್ ಕೆಂಪಗಾಗಿ, ಈ ಒಂದು ದಿನಕ್ಕಾಗಿಯೇ ತಾನು ವರ್ಷವೆಲ್ಲ ಕಾಯುವುದು, ಅದನ್ನೂ ಇವಳು ಕಿತ್ತುಕೊಳ್ಳುತ್ತಿದ್ದಾಳೆ, ನಾಳೆ ಯಾರೋ ಗೊತ್ತಿಲ್ಲದವರು ಅವನ ಕೈ ಹಿಡಿದು ಇಲ್ಲಿಗೆ ಬರುತ್ತಾರೆ ಎಂದೆಲ್ಲ ಹೇಳತೊಡಗಿದ. ಅವಳಿಗೆ ಎಲ್ಲೋ ತಳದಲ್ಲಿದ್ದ ಸಿಟ್ಟು ಕೈಗೆ ಸಿಕ್ಕಿತು.

"ನೀನು ಸೂಟ್‌ಕೇಸ್ ಹಿಡ್ಕೊಂಡು ಹೋದ ದಿನ ಅವನಿಗೆ ಏನಂದೆ, ನೆನಪಿದ್ಯಾ? ಕೆಲಸಕ್ಕೆ ಹೋಗ್ತಿದೀನಿ ಅಂದೆ. ಅವನು ಎಷ್ಟು ತಿಂಗಳು ಸಂಜೆ ಕಿಟಕೀಲಿ ಕೂತಿದ್ದ ಗೊತ್ತಾ? ಅಪ್ಪನ ಬಸ್ಸು ಲೇಟು, ಅಪ್ಪನ ಬಸ್ಸು ಲೇಟು ಅಂತ."

"ನಂಗೆ ಹೇಳೋಕೆ ಬಾಯಿ ಬರ್ಲಿಲ್ಲ."

"ನಂಗೂ ಬರ್ತಿಲ್ಲ. ಆದ್ರೂ ನಾನು ಹೇಳ್ಬೇಕಲ್ಲ."

ದನಿ ಏರಿತ್ತು. ನಾಯಿ ಅಡ್ಡಾಡಿಸುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿ, ನಾಯಿಯನ್ನು ಎಳೆದುಕೊಂಡು ಹೋದಳು. ಆಮೇಲೆ ಜಾನಿಸ್ ತಲೆಯೆತ್ತಿ ನೋಡಿದರೆ ಹುಲ್ಲುಹಾಸಿನ ಮೇಲೆ ಯಾರೂ ಇರಲಿಲ್ಲ. ತಿಮಿಂಗಿಲದ ಬಾಯಿಯ ಹತ್ತಿರ ಗಾಲ್ಫಿನ ಕೋಲು ಬಿದ್ದಿತ್ತು.

"ರಸ್?"

ಗಾಳಿಯಂತ್ರದ ಹಿಂದೆ ಇಲ್ಲ. ಶೌಚಾಲಯದಲ್ಲಿ ಇಲ್ಲ, ಡೆರಿಕ್ ಒಳಗೆ ಹೋಗಿ ಬಾಗಿಲು ಬಾಗಿಲು ತಟ್ಟಿ ಕೂಗಿ ಬಂದ. ಜಾನಿಸ್ ಓಡಲಾರದ ಕಾಲಿನಲ್ಲಿ ಓಡಿದಂತೆ ಮಾಡುತ್ತ ಬಂದರುಕಟ್ಟೆಗೆ ಬಂದಾಗ, ಪ್ರವಾಸಿಗರನ್ನು ಕೊಲ್ಲಿ ಸುತ್ತಿಸುವ ಬೋಟು ದಡ ಬಿಟ್ಟು ದೂರ ಹೋಗಿತ್ತು. ಅದರ ಮುಂಭಾಗದಲ್ಲಿ, ಕೋಟು ತೊಟ್ಟ ಅಗಲ ಭುಜದವನೊಬ್ಬ ನೆಟ್ಟಗೆ ಕೂತಿದ್ದ.

ಟಿಕೆಟ್ ಗೂಡಿನ ಮುದುಕ ತಲೆ ಕೆರೆದುಕೊಂಡ. "ಬಂದ, ಒಂದು ಅಂದ, ಕೊಟ್ಟೆ. ಬೇಡ ಅನ್ನೋಕೆ ನಾನ್ಯಾರು ತಾಯಿ? ನೋಡೋಕೆ ನಲವತ್ತರ ಗಂಡಸು."

"ಅವನಿಗೆ ಫಿಟ್ಸ್ ಬರುತ್ತೆ" ಎಂದಳು ಜಾನಿಸ್. "ಮಾತ್ರೆ ನನ್ ಬ್ಯಾಗಲ್ಲಿದೆ. ಚಿಪ್ಸ್ ತಿಂದ್ಮೇಲೆ ಕೊಡ್ಬೇಕಿತ್ತು. ನಾನು ಮರೆತೆ." ತಾನು ಮರೆತೆ ಎಂಬುದನ್ನು ಅವಳು ಹೇಳುವಾಗಲೇ ತಿಳಿದದ್ದು. ಇಷ್ಟು ವರ್ಷದಲ್ಲಿ ಮರೆತದ್ದು ಇದೇ ಮೊದಲು.

ಮುದುಕ ವೈರ್‌ಲೆಸ್‌ನಲ್ಲಿ ಬೋಟಿನವನನ್ನು ಮಾತಾಡಿಸಿದ. ಗರಗರ ಸದ್ದಿನ ನಡುವೆ ಉತ್ತರ ಬಂತು. ಆಸಾಮಿ ಚೆನ್ನಾಗಿದ್ದಾನೆ, ಬಂಡೆಯ ಮೇಲಿನ ಸೀಲ್ ಪ್ರಾಣಿಗಳನ್ನು ನೋಡುತ್ತಿದ್ದಾನೆ, ಒಬ್ಬಾಕೆಯನ್ನು ಪಕ್ಕದಲ್ಲಿ ಕೂರಿಸುತ್ತೇನೆ, ಅಲೆ ಜಾಸ್ತಿಯಾಗಿದೆ, ಈಗ ತಿರುಗಿಸಿದರೂ ಒಂದೇ, ಸುತ್ತಿ ಬಂದರೂ ಒಂದೇ.

ಮಾಡುವುದೇನೂ ಇರಲಿಲ್ಲ. ಕಟ್ಟೆಯ ಬೆಂಚಿನ ಮೇಲೆ ಕೂತರು. ಡೆರಿಕ್ ಎಲ್ಲಿಂದಲೋ ಕಾಗದದ ಲೋಟದಲ್ಲಿ ಟೀ ತಂದ. ಅವಳ ಕಣ್ಣು ಬೋಟಿನ ಮೇಲೇ ಇದ್ದುದರಿಂದ ಲೋಟವನ್ನು ತಾನೇ ಹಿಡಿದುಕೊಂಡ.

"ಪಾಲೀನ್‌ಗೆ ಅವನ್ನ ಕಂಡ್ರೆ ಭಯ ಜಾನಿಸ್. ಅವನೇನೂ ಮಾಡಲ್ಲ ಕಣೇ ಅಂತ ಎಷ್ಟ್ ಹೇಳಿದ್ರೂ ಅಷ್ಟೇ. ಇಲ್ದಿದ್ರೆ ನಾನೇ ಕರ್ಕೊಂಡು ಹೋಗ್ತಿದ್ದೆ."

ಅವನು ಕರೆದುಕೊಂಡು ಹೋಗುತ್ತಿರಲಿಲ್ಲ ಎಂದು ಜಾನಿಸ್‌ಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಅದನ್ನು ಹೇಳಿ ಅವನನ್ನು ನೋಯಿಸುವುದೂ ಒಂದು ಕೆಲಸವೇ, ಅದನ್ನು ಇವತ್ತು ಮಾಡಲಾರೆ ಎನ್ನಿಸಿತು. ದೂರದಲ್ಲಿ ಬೋಟು ಮೂಲೆಯ ಬಂಡೆಯ ಹಿಂದೆ ಮರೆಯಾಯಿತು. ಮೂವತ್ತಾರು ವರ್ಷಗಳಲ್ಲಿ ರಸೆಲ್ ಅವಳ ಕೈಗಾಗಲಿ, ಅವಳು ಗೊತ್ತುಮಾಡಿದವರ ಕೈಗಾಗಲಿ ಎಟಕದ ಜಾಗದಲ್ಲಿ ಇದ್ದುದಿಲ್ಲ. ಈಗ ಎದ್ದು ನಿಂತರೂ ಅಷ್ಟೇ, ಕೂತರೂ ಅಷ್ಟೇ. ಹೆದರಿಕೆ ಹೋಗಿರಲಿಲ್ಲ. ಆದರೂ ಆ ಹೆದರಿಕೆಯ ಕೆಳಗೆ ಅವಳ ಮೈ ತನ್ನ ಪಾಡಿಗೆ ತಾನು ಸಡಿಲವಾಗತೊಡಗಿತು. ಡೆರಿಕ್ ಇನ್ನೂ ಏನೋ ಹೇಳುತ್ತಿದ್ದ. ಅವಳು ಕೇಳುತ್ತಲೇ ನಿದ್ದೆ ಹೋದಳು.

ಎಚ್ಚರವಾದಾಗ ಅವಳ ತಲೆ ಡೆರಿಕ್‌ನ ಭುಜದ ಮೇಲಿತ್ತು, ಅವನ ಕೋಟು ಅವಳ ಮೇಲಿತ್ತು. ಅವನು ಬರೀ ಅಂಗಿಯಲ್ಲಿ ಚಳಿಗೆ ನೀಲಿಯಾಗಿ, ಅಲುಗಾಡದೆ ಕೂತಿದ್ದ. "ಬಂತು ನೋಡು" ಎಂದ. ಬೋಟಿಗೆ ಹಗ್ಗ ಬಿಗಿಯುತ್ತಿದ್ದರು. ಮಗು ನೀರಿನ ಮೇಲಿರುವಾಗ ತಾಯಿ ನಿದ್ದೆ ಮಾಡಿದಳು ಎಂಬ ಮಾತು ಅವಳ ಮನಸ್ಸಿಗೆ ಬಂತು, ಬಂದು ಅಷ್ಟೇನೂ ಚುಚ್ಚದೆ ಹೋಯಿತು.

ಪ್ಲಾಸ್ಟಿಕ್ ಟೋಪಿಯ ಹೆಂಗಸೊಬ್ಬಳ ಮೊಣಕೈ ಹಿಡಿದು ರಸೆಲ್ ಇಳಿದು ಬಂದ. ಮುಖ ಬಿಳಿಚಿತ್ತು. ಅಂಗಿಯ ಕಾಲರು ಒದ್ದೆ.

"ವಾಂತಿ ಆಯ್ತು. ಸಮುದ್ರಕ್ಕೇ ಮಾಡ್ದೆ. ಬೋಟಿಗೆ ಬೀಳ್ಲಿಲ್ಲ."

"ತುಂಬಾ ಅಚ್ಚುಕಟ್ಟಿನ ಮನುಷ್ಯ" ಎಂದಳು ಟೋಪಿಯ ಹೆಂಗಸು, ಹೊರಟುಹೋದಳು.

ಜಾನಿಸ್ ಮಾತ್ರೆ ನುಂಗಿಸಿದಳು. ಹೊಡೆಯಬೇಕೆನ್ನಿಸಿತು, ತಬ್ಬಬೇಕೆನ್ನಿಸಿತು. ಎರಡನ್ನೂ ಮಾಡದೆ ಕಾಲರು ಒರೆಸಿದಳು. "ಹೇಳದೆ ಯಾಕೋ ಹೋದೆ?"

"ಕರೆದೆ. ನೀವು ಜಗಳ ಆಡ್ತಿದ್ರಿ. ಬೋಟು ಕಾಯಲ್ಲ."

ಒದ್ದೆ ಅಂಗಿಯನ್ನು ಬಿಚ್ಚಿಸಿ ಡೆರಿಕ್ ತಂದಿದ್ದ ಹೊಸ ಸ್ವೆಟರು ತೊಡಿಸಿದರು. ಅದು ಹೊಟ್ಟೆಯ ಮೇಲೆ ಬಿಗಿದು, ಮಣಿಕಟ್ಟಿನಿಂದ ಮೇಲಕ್ಕೇ ನಿಂತಿತು. ಹಾಗೆಯೇ ಟೀ ಅಂಗಡಿಗೆ ಹೋದರು.

ಟೀ ಬಂತು, ಬನ್ನಿನಂಥ ಬಿಸಿ ಸ್ಕೋನು ಬಂತು, ಕೆನೆ, ಸ್ಟ್ರಾಬೆರಿ ಜಾಮ್ ಬಂದವು. ಜಾನಿಸ್ ಕಪ್ಪು ಕೆಳಗಿಟ್ಟಳು.

"ರಸ್, ನಿಂಗೊಂದು ವಿಷಯ ಹೇಳ್ಬೇಕು."

"ಕೇಳಿಸ್ತು" ಎಂದ ರಸೆಲ್, ಜಾಮ್ ಹಚ್ಚುತ್ತ.

"ಏನ್ ಕೇಳಿಸ್ತು?"

"ಹಾಕ್ತೀಯಾ ಅಂದ ಅಪ್ಪ. ನನ್ನನ್ನ."

ಡೆರಿಕ್ ಟೀ ಕಪ್ಪಿನೊಳಕ್ಕೆ ನೋಡಿದ. ಜಾನಿಸ್ ಮನೆಯ ಬಗ್ಗೆ ಹೇಳಿದಳು. ನಾಲ್ಕು ಜನ ಇದ್ದಾರೆ, ನೀನು ಹೋದರೆ ಐದು. ನೀಲಿ ಬಣ್ಣದ ಕೋಣೆ. ಹಿತ್ತಲಲ್ಲಿ ಮೊಲ ಇದೆ. ರಸೆಲ್ ಎಲ್ಲ ಕೇಳಿಸಿಕೊಂಡ.

"ಗಡ್ಡ ಯಾರ್ ಮಾಡ್ತಾರೆ?"

"ಗೇವಿನ್ ಅಂತ ಒಬ್ಬನಿದಾನೆ. ನಿಂಗೇ ಮಾಡ್ಕೊಳ್ಳೋದು ಹೇಳ್ಕೊಡ್ತಾನಂತೆ."

"ಬ್ಲೇಡು ಮುಟ್ಬೇಡ ಅಂದಿದೀಯ ನೀನು."

"ಅಂದಿದೀನಿ. ಅಲ್ಲಿ ಮುಟ್ಬೋದು."

"ನೀನೆಲ್ಲಿ ಮಲಗ್ತೀಯ?"

"ನಮ್ಮನೇಲಿ."

"ಒಬ್ಳೇನಾ?"

"ಒಬ್ಳೇ."

ಅವನು ತಟ್ಟೆ ದೂರ ತಳ್ಳಿದ. "ಬೇಡ."

"ನೋಡೋ ರಸೆಲ್, ಮೊಲ ಇದೆಯಂತೆ, ನಾನೇ ಹೋಗಿ ಇದ್ಬಿಡ್ಲಾ ಅನ್ಸ್ತಿದೆ ನಂಗೆ" ಎಂದು ಡೆರಿಕ್ ನಗಲು ನೋಡಿದ.

"ಅಪ್ಪ, ಸುಮ್ನಿರು." ರಸೆಲ್ ಹಾಗೆ ಹೇಳಿದ್ದನ್ನು ಇಬ್ಬರೂ ಈ ಮುಂಚೆ ಕೇಳಿರಲಿಲ್ಲ. "ಕಸದ ಡಬ್ಬಿ ಯಾರ್ ಇಡ್ತಾರೆ?"

"ನಾನು."

"ನಿಂಗೆ ಗೊತ್ತಾಗಲ್ಲ. ಹಸಿರು ವಾರ ಕಪ್ಪು ಇಟ್ಟಿದ್ದೆ ನೀನು. ಬೇಡ. ನಾನು ಹೋಗಲ್ಲ."

ಜಾನಿಸ್ ಸಮಾಧಾನದ ಮಾತು ಹುಡುಕಿದಳು. ವಾರ ವಾರ ಬರುತ್ತೇನೆ, ನಿನಗೆ ಹೊಸ ಗೆಳೆಯರು ಸಿಗುತ್ತಾರೆ, ರಜೆ ಇದ್ದ ಹಾಗೆ. ಆ ಮಾತುಗಳೆಲ್ಲ ಅಲ್ಲೇ ಇದ್ದವು, ಮಡಿಸಿಟ್ಟ ಬಟ್ಟೆಯ ಹಾಗೆ. ಎತ್ತಿಕೊಳ್ಳಲು ಕೈ ಬರಲಿಲ್ಲ.

"ನಂಗೆ ಸುಸ್ತಾಗಿದೆ ರಸ್."

"ಮನೆಗೆ ಹೋಗಿ ಮಲಕ್ಕೋ."

"ಮಲಗಿದ್ರೆ ಹೋಗೋದಲ್ಲ ಇದು. ಬಹಳ ವರ್ಷದ್ದು."

ಅವನು ಅವಳ ಮುಖ ನೋಡಿದ. "ನನ್ನಿಂದಾನಾ?"

ಡೆರಿಕ್ ತಲೆ ಎತ್ತಿ ಬೇಡ ಎನ್ನುವಂತೆ ಕಣ್ಣು ಮಾಡಿದ. ಇಲ್ಲಪ್ಪ ಎನ್ನುವುದು ಸುಲಭವಿತ್ತು.

"ನಿನ್ನಿಂದಾನೂ ಹೌದು" ಎಂದಳು ಜಾನಿಸ್.

ರಸೆಲ್ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡು, ಬೆರಳಿನಿಂದ ಪುಡಿಗಳನ್ನು ಒಂದೊಂದಾಗಿ ಒತ್ತಿ ತಿಂದ.

"ನಂಗೂ ನಿನ್ನಿಂದ ಸುಸ್ತಾಗುತ್ತೆ" ಎಂದ.

"ಹೌದಾ?"

"ಒಂದೊಂದ್ಸಲ. ಬೇಗ ಬೇಗ ಅಂತೀಯ. ಕೂಗ್ತೀಯ. ಸ್ನಾನ ಮಾಡುವಾಗ ಬಾಗಿಲು ಹಾಕೋಕೆ ಬಿಡಲ್ಲ."

ಜಾನಿಸ್‌ಗೆ ನಗು ಬಂತು. ಬಂದದ್ದು ನಗುವಾಗಿಯೇ ಉಳಿಯಲಿಲ್ಲ. ಕರವಸ್ತ್ರಕ್ಕಾಗಿ ಬ್ಯಾಗಿನಲ್ಲಿ ಹುಡುಕುತ್ತಿರುವಾಗ ರಸೆಲ್ ತನ್ನ ಕಾಗದದ ಕೈವಸ್ತ್ರ ಕೊಟ್ಟ. ಅದರ ತುಂಬ ಜಾಮ್ ಇತ್ತು.

ಹೋಗುತ್ತೇನೆ ಎಂದು ಅವನು ಅವತ್ತು ಹೇಳಲಿಲ್ಲ. ಸ್ಟೇಷನ್ನಿನಲ್ಲಿ ಡೆರಿಕ್ ತಬ್ಬಿಕೊಂಡಾಗ ಕೈ ಇಳಿಬಿಟ್ಟು ನಿಂತಿದ್ದ. ರೈಲಿನಲ್ಲಿ ಊರು ಹತ್ತಿರ ಬರುವಾಗ, "ಬಾಗಿಲು ಹಾಕ್ಕೋಬೋದಾ ಅಲ್ಲಿ?" ಎಂದು ಕೇಳಿದ. ಹಾಕಿಕೊಳ್ಳಬಹುದು ಎಂದಳು. ಅಷ್ಟೇ.

ಅಕ್ಟೋಬರಿನಲ್ಲಿ ಹೋದ. ಮೊದಲ ದಿನ ಅಂಗಳದಲ್ಲಿ ಕೂತು ಒಳಗೆ ಬರುವುದಿಲ್ಲವೆಂದು ಹಟ ಹಿಡಿದ, ಮಳೆ ಬಂದ ಮೇಲೆ ಎದ್ದು ಒಳಗೆ ಹೋದ. ಮೊದಲ ವಾರಗಳಲ್ಲಿ ಜಾನಿಸ್ ಹೋದಾಗಲೆಲ್ಲ ಕೋಟು ತೊಟ್ಟು ಹೊರಡಲು ಸಿದ್ಧನಾಗಿ ನಿಂತಿರುತ್ತಿದ್ದ. ಅವನನ್ನು ಬಿಟ್ಟು ಬರುವಾಗ ಅವಳು ಬಸ್ ನಿಲ್ದಾಣದವರೆಗೂ ತಿರುಗಿ ನೋಡುತ್ತಿರಲಿಲ್ಲ. ಬ್ಲೇಡಿನಿಂದ ಗಲ್ಲ ಕುಯ್ದುಕೊಂಡ. ಒಬ್ಬನ ಜೊತೆ ಹೊಡೆದಾಡಿದ. ಒಮ್ಮೆ ಫಿಟ್ಸ್ ಬಂತು, ನೋಡಿಕೊಂಡರು. ಡೆರಿಕ್ ಭಾನುವಾರಗಳಂದು ಬರತೊಡಗಿದ, ಎಲ್ಲ ಭಾನುವಾರವೂ ಅಲ್ಲ. ಬಂದಾಗ ಜಾನಿಸ್‌ಗೆ ಫೋನ್ ಮಾಡಿ ಹೇಳುತ್ತಿದ್ದ, ಅವಳು ಕೇಳಿಸಿಕೊಳ್ಳುತ್ತಿದ್ದಳು. ಅದಕ್ಕಿಂತ ಹೆಚ್ಚೇನೂ ಅವರ ನಡುವೆ ಹುಟ್ಟಲಿಲ್ಲ.

ಅವಳು ಮಾತ್ರ ಮಲಗಿದಳು. ಹಗಲಿಗೂ ಮಲಗಿದಳು, ಕುರ್ಚಿಯಲ್ಲಿ, ಸೋಫಾದಲ್ಲಿ, ಬಟ್ಟೆ ಮಡಿಸುತ್ತ ಮಡಿಸುತ್ತಲೇ. ಎಡ್ನಾ ಬಂದು, ಮುಖ ತುಂಬಿಕೊಂಡಿದೆ ಎಂದಳು. ನಿದ್ದೆ ತುಂಬಿದ ಮೇಲೂ ಸುಸ್ತು ಪೂರ್ತಿ ಹೋಗಲಿಲ್ಲ. ಇದು ಹೋಗುವಂಥದ್ದಲ್ಲ, ತನ್ನ ಜೊತೆಗೇ ಇರುತ್ತದೆ ಎಂದು ಅವಳಿಗೆ ಕ್ರಮೇಣ ಅರ್ಥವಾಯಿತು. ಬೆಳಿಗ್ಗೆ ಯಾರನ್ನೂ ಎಬ್ಬಿಸಬೇಕಿಲ್ಲದೆ, ಎದ್ದು ಏನು ಮಾಡಬೇಕೆಂದು ತಿಳಿಯದೆ, ಅಡುಗೆಮನೆಯಲ್ಲಿ ನಿಂತೇ ಇರುತ್ತಿದ್ದ ದಿನಗಳೂ ಇದ್ದವು.

ಫೆಬ್ರವರಿಯ ಒಂದು ಸಂಜೆ ಅವಳು ಆ ಮನೆಗೆ ಫೋನ್ ಮಾಡಿದಳು. ಗೇವಿನ್ ಎತ್ತಿ ರಸೆಲ್‌ನನ್ನು ಕೂಗಿದ. ರಸೆಲ್ ಏದುಸಿರು ಬಿಡುತ್ತ ಬಂದ.

"ಏನಮ್ಮ?"

"ಏನಿಲ್ಲ, ಹೆಂಗಿದೀಯ ಅಂತ."

"ಚೆನ್ನಾಗಿದೀನಿ. ಈಗ ಆಗಲ್ಲ ಅಮ್ಮ. ಇವತ್ತು ಊಟಕ್ಕೆ ಟೇಬಲ್ ಜೋಡ್ಸೋದು ನನ್ ಸರದಿ."

ಅವನು ಫೋನನ್ನು ಇಡುವಲ್ಲಿ ಇಡದೆ ಎಲ್ಲೋ ಪಕ್ಕಕ್ಕಿಟ್ಟು ಹೋದ. ಜಾನಿಸ್‌ಗೆ ತಟ್ಟೆಗಳ ಸದ್ದು ಕೇಳಿಸಿತು, ಕುರ್ಚಿ ಎಳೆದದ್ದು ಕೇಳಿಸಿತು. ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. "ಆ ಕಡೆ ಅಲ್ಲ, ಫೋರ್ಕು ಈ ಕಡೆ, ಎಷ್ಟ್ ಸಲ ಹೇಳ್ಬೇಕು ನಿಂಗೆ, ಬೇಗ ಬೇಗ" ಎಂದು ರಸೆಲ್ ಯಾರನ್ನೋ ಗದರುತ್ತಿದ್ದ. ಅವಳು ಮೆಟ್ಟಿಲ ಮೇಲೆ ಕೂತು, ಬೇರೆ ಮನೆಯಲ್ಲ, ಪಕ್ಕದ ಕೋಣೆಯೇನೋ ಎಂಬಂತೆ, ಯಾರೋ ಬಂದು ಫೋನ್ ಇಡುವವರೆಗೆ ಕೇಳುತ್ತಿದ್ದಳು.